ಮರಳಿ ಬಂದವರಿಗೆ ಎಷ್ಟು ಅಂಕ?

ಕೇಳುಗರಿಗೆ ನಮಸ್ಕಾರ.

2025ರ ಮಾರ್ಚ್ ತಿಂಗಳು. ಬಾಸ್ಟನ್‌ನಲ್ಲಿ ವಿಶ್ವ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್. ಮಹಿಳೆಯರ ವಿಭಾಗದಲ್ಲಿ ಗೆದ್ದವರು ಅಮೆರಿಕದ ಅಲೀಸಾ ಲಿಯು. ಆಗ ಅವರಿಗೆ 19 ವರ್ಷ. ಆ ವಯಸ್ಸಿಗೆ ಚಾಂಪಿಯನ್ ಆಗುವುದು ಈ ಆಟದಲ್ಲಿ ದೊಡ್ಡ ವಿಷಯವಲ್ಲ. ಆದರೆ ಈ ಹುಡುಗಿ 16ನೇ ವಯಸ್ಸಿಗೇ ನಿವೃತ್ತಿ ಹೇಳಿ ಮನೆಗೆ ಹೋಗಿದ್ದವಳು!

ಲಿಯು 13ನೇ ವಯಸ್ಸಿಗೆ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆಗಿದ್ದರು. ಮರುವರ್ಷವೂ ಗೆದ್ದರು. ಗಾಳಿಯಲ್ಲಿ ಮೂರೂವರೆ ಸುತ್ತು ತಿರುಗುವ ಟ್ರಿಪಲ್ ಆಕ್ಸೆಲ್ ಜಂಪ್ ಹಾಕುತ್ತಿದ್ದರು, ನಾಲ್ಕು ಸುತ್ತು ತಿರುಗುವ ಕ್ವಾಡ್ ಲುಟ್ಜ್ ಕೂಡ ಹಾಕುತ್ತಿದ್ದರು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆರನೇ ಸ್ಥಾನ, ಆಮೇಲೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಅಲ್ಲಿಗೆ ಸಾಕು ಅಂದರು. ಕಾಲೇಜು ಸೇರಿದರು, ಎವರೆಸ್ಟ್ ಬೇಸ್ ಕ್ಯಾಂಪ್‌ವರೆಗೆ ಚಾರಣ ಹೋಗಿ ಬಂದರು. ಒಮ್ಮೆ ಹಿಮದ ಮೇಲೆ ಸ್ಕೀ ಮಾಡುವಾಗ ಹಳೆಯ ಆ ಹುರುಪು ಮತ್ತೆ ಮೈಗೆ ಬಂತು. 2024ರಲ್ಲಿ ಮರಳಿ ಬರುತ್ತೇನೆ ಎಂದು ಹೇಳಿದರು. ಆದರೆ ಈ ಸಲ ಒಂದು ಷರತ್ತಿನ ಮೇಲೆ. ಸಂಗೀತ ಯಾವುದು, ಉಡುಪು ಯಾವುದು, ಐಸ್ ಮೇಲೆ ಆ ಸಂಗೀತಕ್ಕೆ ಮಾಡುವ ಪ್ರೋಗ್ರಾಂ ಹೇಗಿರಬೇಕು ಎಂಬುದರಲ್ಲಿ ತನ್ನ ಮಾತು ನಡೆಯಬೇಕು.

ಸುದ್ದಿ ಬಂದ ಕೂಡಲೇ ಅಭಿಮಾನಿಗಳಲ್ಲಿ ಎರಡು ಪಂಗಡವಾಯಿತು. ಒಂದು ಪಂಗಡಕ್ಕೆ ಸಂತೋಷ. ಇನ್ನೊಂದು ಪಂಗಡದ್ದು ಒಂದೇ ಪ್ರಶ್ನೆ. ಜಂಪ್ ಎಲ್ಲಿ? ಟ್ರಿಪಲ್ ಆಕ್ಸೆಲ್ ಇಲ್ಲ, ಕ್ವಾಡ್ ಇಲ್ಲ. ಅವೆರಡೂ ಇಲ್ಲದ ಮೇಲೆ ಬಂದು ಏನು ಮಾಡುತ್ತಾರೆ?

ಬಾಸ್ಟನ್‌ನಲ್ಲಿ ಅವರು ಏನು ಮಾಡಿದರು ಅಂದರೆ, ಅವೆರಡೂ ಇಲ್ಲದೆಯೇ 222.97 ಅಂಕ ಗಳಿಸಿದರು. ಸತತ ಮೂರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಜಪಾನಿನ ಕಾವೋರಿ ಸಕಾಮೊಟೊ ಅವರನ್ನು ಸುಮಾರು 5 ಅಂಕಗಳಿಂದ ಹಿಂದೆ ಹಾಕಿದರು. 2006ರ ನಂತರ ಅಮೆರಿಕದ ಮಹಿಳೆಯೊಬ್ಬರು ಈ ಪಟ್ಟ ಗೆದ್ದಿದ್ದು ಅದೇ ಮೊದಲು.

ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಇದೇ ವಿಷಯ. ಮರಳಿ ಬಂದವರನ್ನು ಅವರ ಹಳೆಯ ಜಂಪ್‌ಗಳ ಪಟ್ಟಿ ಹಿಡಿದು ಅಳೆಯುವುದು ತಪ್ಪು. 13 ವರ್ಷದ ಹುಡುಗಿಯ ಮೈ ಹಗುರ, ಸೊಂಟ ಕಿರಿದು, ಗಾಳಿಯಲ್ಲಿ ಬೇಗ ತಿರುಗುತ್ತದೆ. 19ರ ಮೈ ಬೇರೆ. ಆ ಮೈಗೆ ತಕ್ಕಂತೆ ಜಂಪ್ ಮತ್ತೆ ಮೊದಲಿನಿಂದ ಕಲಿಯಬೇಕು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸನ್ನು 15ರಿಂದ ಮೇಲಕ್ಕೆ ತಂದು, 2024-25ರ ಋತುವಿನಿಂದ 17 ಮಾಡಿತು. ಚಿಕ್ಕ ಮಕ್ಕಳನ್ನು ಹಿಂಡಿ ಬಿಸಾಡುವುದಕ್ಕೆ ಅಷ್ಟಾದರೂ ತಡೆ ಬಿತ್ತು. ನನಗೆ ಅದು ಬಹಳ ತಡವಾಗಿ ಬಂದ ಒಳ್ಳೆಯ ನಿಯಮ.

ಹಾಗಾದರೆ ಮರಳಿ ಬಂದವರಲ್ಲಿ ಏನು ನೋಡಬೇಕು? ಮೊದಲು ಸಂಗೀತ ನೋಡಿ. ಚಿಕ್ಕ ವಯಸ್ಸಿನ ಸ್ಕೇಟರ್‌ಗೆ ಹಾಡು ಆರಿಸಿಕೊಡುವವರು ಕೋಚ್, ನೃತ್ಯ ಸಂಯೋಜಕರು, ಕೆಲವು ಸಲ ಅಪ್ಪ ಅಮ್ಮ. ಬಿಟ್ಟುಹೋಗಿ, ಬೇಕು ಅನಿಸಿ ಬಂದವರು ತಾವೇ ಆರಿಸುತ್ತಾರೆ. ಆ ವ್ಯತ್ಯಾಸ ಐಸ್ ಮೇಲೆ ಕಾಣುತ್ತದೆ. ಲಿಯು ಬಾಸ್ಟನ್‌ನಲ್ಲಿ ಆರಿಸಿಕೊಂಡಿದ್ದು ಡೊನಾ ಸಮ್ಮರ್ ಹಾಡಿದ ‘ಮ್ಯಾಕ್‌ಆರ್ಥರ್ ಪಾರ್ಕ್’. ನಿಧಾನವಾಗಿ ಶುರುವಾಗಿ ಡಿಸ್ಕೊಗೆ ಹಾರುವ ಹಾಡು. ಆ ಹಾರುವ ಜಾಗದಿಂದ ಮುಂದೆ ಅವರ ಮುಖ ನೋಡಬೇಕು. ಅಂಕದ ಚಿಂತೆ ಅಲ್ಲಿ ಕಾಣುವುದೇ ಇಲ್ಲ.

ಇನ್ನೊಬ್ಬರ ಕಥೆ ಹೇಳುತ್ತೇನೆ. ಪೂರ್ವ ಜರ್ಮನಿಯ ಕಟರೀನಾ ವಿಟ್. 1984ರಲ್ಲಿ ಸರಾಯೆವೊದಲ್ಲಿ ಒಲಿಂಪಿಕ್ ಚಿನ್ನ, 1988ರಲ್ಲಿ ಕ್ಯಾಲ್ಗರಿಯಲ್ಲಿ ಮತ್ತೆ ಚಿನ್ನ. ಕ್ಯಾಲ್ಗರಿಯಲ್ಲಿ ವಿಟ್ ಮತ್ತು ಅಮೆರಿಕದ ಡೆಬಿ ಥಾಮಸ್ ಇಬ್ಬರೂ ‘ಕಾರ್ಮೆನ್’ ಒಪೆರಾದ ಸಂಗೀತವನ್ನೇ ಆರಿಸಿಕೊಂಡಿದ್ದರು. ವಿಟ್ ಅವರ ಕಾರ್ಮೆನ್ ಕೊನೆಯಲ್ಲಿ ಐಸ್ ಮೇಲೆ ಸತ್ತು ಬಿದ್ದಳು, ಥಾಮಸ್ ಅವರ ಕಾರ್ಮೆನ್ ಬದುಕಿದಳು. ಯಾವುದು ಮೇಲು ಎಂಬ ವಾದ ಇವತ್ತಿಗೂ ನಡೆದಿದೆ.

ಆಮೇಲೆ ವಿಟ್ ವೃತ್ತಿಪರ ಪ್ರದರ್ಶನಗಳ ಕಡೆ ಹೋದರು. ವೃತ್ತಿಪರರೂ ಮರಳಬಹುದು ಎಂದು ನಿಯಮ ಸಡಿಲವಾದ ಮೇಲೆ 1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ಗೆ ಬಂದರು. ಬಂದ ಸ್ಥಾನ ಏಳನೆಯದು. ಎದುರಿಗಿದ್ದವರು ಹಾಕುತ್ತಿದ್ದ ಜಂಪ್‌ಗಳು ಅವರಲ್ಲಿ ಇರಲಿಲ್ಲ. ಆದರೆ ಅವರು ತಂದ ಸಂಗೀತ ಯಾವುದು ಗೊತ್ತಾ? ಹೂವುಗಳೆಲ್ಲ ಎಲ್ಲಿ ಹೋದವು ಎಂದು ಕೇಳುವ, ಯುದ್ಧದ ವಿರುದ್ಧದ ಪ್ರಸಿದ್ಧ ಹಾಡು. ಹತ್ತು ವರ್ಷದ ಹಿಂದೆ ಅವರಿಗೆ ಮೊದಲ ಚಿನ್ನ ಕೊಟ್ಟ ಸರಾಯೆವೊ ಆಗ ಮುತ್ತಿಗೆಯಲ್ಲಿತ್ತು, ಶೆಲ್ ದಾಳಿಗೆ ಜನ ಸಾಯುತ್ತಿದ್ದರು. ಆ ಊರಿಗೆಂದೇ ಅವರು ಸ್ಕೇಟ್ ಮಾಡಿದರು. ಮರಳಿ ಬಂದಿದ್ದು ಸೋತಿತು ಅಂತ ಕೆಲವರು ಬರೆದರು. ನಾನು ಒಪ್ಪುವುದಿಲ್ಲ. ಆ ವರ್ಷ ಆರನೇ ಸ್ಥಾನ ಯಾರಿಗೆ ಬಂತು ಅಂತ ಎಷ್ಟು ಜನಕ್ಕೆ ನೆನಪಿದೆ? ಏಳನೆಯದು ಮಾತ್ರ ನೆನಪಿದೆ, ಅಲ್ವಾ?

ಸಂಗೀತದ ವಿಷಯ ಬಂದಾಗ ಸರಾಯೆವೊದ ಇನ್ನೊಂದು ಸಂಗತಿ ಹೇಳದೆ ಇರಲು ಆಗುವುದಿಲ್ಲ. ಅದೇ 1984ರಲ್ಲಿ ಬ್ರಿಟನ್ನಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್ ಐಸ್ ಡ್ಯಾನ್ಸ್‌ಗೆ ರಾವೆಲ್‌ನ ‘ಬೊಲೆರೊ’ ತಂದರು. ಎಷ್ಟು ಕತ್ತರಿಸಿದರೂ ಅದು 4 ನಿಮಿಷ 28 ಸೆಕೆಂಡ್‌ಗಿಂತ ಕೆಳಗೆ ಬರಲಿಲ್ಲ. ನಿಯಮದ ಮಿತಿ 4 ನಿಮಿಷ 10 ಸೆಕೆಂಡ್. ಆಗ ಸಮಯದ ಲೆಕ್ಕ ಶುರುವಾಗುತ್ತಿದ್ದುದು ಸ್ಕೇಟಿಂಗ್ ಶುರುವಾದಾಗ. ಹಾಗಾಗಿ ಅವರು ಮೊದಲ 18 ಸೆಕೆಂಡ್ ಮಂಡಿಯೂರಿ, ಬ್ಲೇಡ್ ಐಸ್‌ಗೆ ಊರದೆ, ಬರೀ ಮೈ ತೂಗಿದರು. ನಿಯಮ ದಾಟಲು ಹುಡುಕಿದ ಆ ದಾರಿಯೇ ಇಡೀ ಪ್ರೋಗ್ರಾಂನ ಅತಿ ಚೆಂದದ ಭಾಗವಾಯಿತು. ಕಲಾತ್ಮಕತೆಗೆ ಒಂಬತ್ತು ತೀರ್ಪುಗಾರರೂ ಪೂರ್ತಿ 6.0 ಕೊಟ್ಟರು.

ಸಿಂಗಲ್ಸ್ ಮತ್ತು ಪೇರ್ಸ್‌ನಲ್ಲಿ ಸಾಹಿತ್ಯವಿರುವ ಹಾಡು ಬಳಸಲು ಒಪ್ಪಿಗೆ ಸಿಕ್ಕಿದ್ದು 2014-15ರ ಋತುವಿನಲ್ಲಿ. ಹಳಬರಿಗೆ ಅದು ಇಷ್ಟವಾಗಲಿಲ್ಲ, ನನಗೆ ಆಯಿತು. ಆದರೆ ಒಂದು ದೂರು ಇದೆ. ಹಳೆಯ ಪಾಪ್ ಹಾಡನ್ನು ನಿಧಾನ ಮಾಡಿ, ಪಿಯಾನೊ ಜೊತೆ ಅಳುವ ದನಿಯಲ್ಲಿ ಹಾಡಿಸಿದ ಧಾಟಿ ಈಗ ತುಂಬಾ ಜಾಸ್ತಿಯಾಗಿದೆ. ಭಾವನೆಯನ್ನೆಲ್ಲ ಹಾಡಿನ ಮಾತೇ ಹೇಳಿಬಿಡುತ್ತದೆ. ಸ್ಕೇಟರ್ ಸುಮ್ನೆ ಕೈ ಚಾಚಿದರೆ ಸಾಕು ಅನ್ನುವ ಹಾಗಾಗಿದೆ.

ಇನ್ನು ತೀರ್ಪಿನ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಬೇಸರ ಮಾಡಿಕೊಳ್ಳಬೇಡಿ.

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಪೇರ್ಸ್ ಸ್ಪರ್ಧೆಯಲ್ಲಿ ತೀರ್ಪಿನ ಒಳಒಪ್ಪಂದದ ಆರೋಪ ಬಂತು. ಕೊನೆಗೆ ರಷ್ಯಾದ ಜೋಡಿಯ ಜೊತೆಗೆ ಕೆನಡಾದ ಜೋಡಿಗೂ ಚಿನ್ನ ಕೊಟ್ಟರು. 6.0ರ ಹಳೆಯ ಪದ್ಧತಿ ಅಲ್ಲಿಂದ ಹೋಯಿತು. ಹೊಸ ಪದ್ಧತಿಯಲ್ಲಿ ಪ್ರತಿ ಜಂಪ್‌ಗೂ ಒಂದು ಮೂಲ ಬೆಲೆ. ಮಾಡಿದ ರೀತಿಗೆ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ಗುಣಮಟ್ಟದ ಅಂಕ ಹಾಕುತ್ತಾರೆ. ಆ ಅಂಕ ಒಂದೊಂದು ಏರಿದಾಗ ಅಥವಾ ಇಳಿದಾಗ ಮೂಲ ಬೆಲೆಯ ಹತ್ತನೇ ಒಂದು ಪಾಲು ಏರುತ್ತದೆ ಅಥವಾ ಇಳಿಯುತ್ತದೆ. 2018ರಲ್ಲಿ ಬಂದ ಪಟ್ಟಿಯ ಪ್ರಕಾರ ಟ್ರಿಪಲ್ ಲುಟ್ಜ್‌ಗೆ 5.9, ಕ್ವಾಡ್ ಲುಟ್ಜ್‌ಗೆ 11.5. ಕ್ವಾಡ್ ಹಾಕಿ ಬಿದ್ದರೆ ಮೈನಸ್ 5 ಸಿಕ್ಕಿ, ಅರ್ಧ ಹೋಗಿ 5.75 ಉಳಿಯುತ್ತದೆ, ಬಿದ್ದಿದ್ದಕ್ಕೆ ಇನ್ನೊಂದು ಅಂಕ ಕಡಿತ. ಉಳಿದಿದ್ದು 4.75. ನಿಂತು, ಚೆಂದವಾಗಿ ಇಳಿದ ಟ್ರಿಪಲ್ ಅದಕ್ಕಿಂತ ಮೇಲು. ಲಿಯು ಹೇಗೆ ಗೆದ್ದರು ಎಂದು ಕೇಳುವವರಿಗೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ.

ಮಿಕ್ಕ ಅರ್ಧ ಇರುವುದು ಕಾಂಪೊನೆಂಟ್ ಅಂಕಗಳಲ್ಲಿ. ಮೊದಲು ಐದಿದ್ದವು, 2022ರಿಂದ ಮೂರು. ಪ್ರೋಗ್ರಾಂನ ರಚನೆ, ಅದನ್ನು ತೋರಿಸುವ ರೀತಿ, ಸ್ಕೇಟಿಂಗ್ ಕೌಶಲ್ಯ. ಜಗಳವೆಲ್ಲ ಇಲ್ಲಿಯೇ. ಸ್ಪರ್ಧೆಗೆ ಎರಡು ಸುತ್ತು, ಮೊದಲು ಚಿಕ್ಕದಾದ ಶಾರ್ಟ್ ಪ್ರೋಗ್ರಾಂ, ಆಮೇಲೆ ಉದ್ದನೆಯ ಫ್ರೀ ಸ್ಕೇಟ್. ಮಹಿಳೆಯರ ಫ್ರೀ ಸ್ಕೇಟ್‌ನಲ್ಲಿ ಈ ಅಂಕಗಳನ್ನು 2.67ರಿಂದ ಗುಣಿಸುತ್ತಾರೆ. ಮೂರಕ್ಕೂ ಬರೀ ಕಾಲು ಅಂಕ ಜಾಸ್ತಿ ಬಿದ್ದರೆ ಒಟ್ಟು ಎರಡು ಅಂಕ ಬರುತ್ತದೆ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಪುರುಷರ ಚಿನ್ನ ಮತ್ತು ಬೆಳ್ಳಿಯ ನಡುವೆ ಇದ್ದ ಅಂತರ 1.31 ಮಾತ್ರ.

ಆ ಬೆಳ್ಳಿ ಬಂದಿದ್ದೂ ಮರಳಿ ಬಂದವರಿಗೇ. ರಷ್ಯಾದ ಯೆವ್ಗೆನಿ ಪ್ಲುಷೆಂಕೊ 2006ರಲ್ಲಿ ಚಿನ್ನ ಗೆದ್ದು ಹೋಗಿದ್ದರು, ಮೂರು ವರ್ಷ ಬಿಟ್ಟು ಬಂದರು. ಕ್ವಾಡ್ ಹಾಕಿದರು. ಗೆದ್ದ ಅಮೆರಿಕದ ಇವಾನ್ ಲೈಸಾಚೆಕ್ ಒಂದೂ ಕ್ವಾಡ್ ಹಾಕಲಿಲ್ಲ. ಇದು ಅನ್ಯಾಯ ಎನ್ನುವವರು ಇಂದಿಗೂ ಇದ್ದಾರೆ. ನನ್ನ ಲೆಕ್ಕದಲ್ಲಿ ತೀರ್ಪು ಸರಿಯಿತ್ತು. ಪ್ಲುಷೆಂಕೊ ಇಳಿದ ಹಲವು ಜಂಪ್‌ಗಳು ವಾಲಿದ್ದವು. ಲೈಸಾಚೆಕ್ ಹೆಚ್ಚಿನ ಜಂಪ್‌ಗಳನ್ನು ದಣಿವಾಗುವ ದ್ವಿತೀಯಾರ್ಧಕ್ಕೆ ಇಟ್ಟುಕೊಂಡು, ಆಗ ಸಿಗುತ್ತಿದ್ದ ಹತ್ತು ಪರ್ಸೆಂಟ್ ಹೆಚ್ಚುವರಿ ಅಂಕ ಪಡೆದರು.

ಆದರೆ 2014ರ ಸೋಚಿ ಒಲಿಂಪಿಕ್ಸ್ ಬಗ್ಗೆ ಹೀಗೆ ನೆಮ್ಮದಿಯಾಗಿ ಹೇಳಲು ನನಗೆ ಆಗುವುದಿಲ್ಲ. ದಕ್ಷಿಣ ಕೊರಿಯಾದ ಕಿಮ್ ಯುನಾ ಅವರೂ ಬಿಡುವು ತೆಗೆದುಕೊಂಡು ಮರಳಿದವರು. 2013ರ ವಿಶ್ವ ಚಾಂಪಿಯನ್‌ಷಿಪ್ ಅನ್ನು 20 ಅಂಕಗಳಿಗಿಂತ ಹೆಚ್ಚಿನ ಅಂತರದಲ್ಲಿ ಗೆದ್ದಿದ್ದರು. ಸೋಚಿಯಲ್ಲಿ ಶಾರ್ಟ್ ಪ್ರೋಗ್ರಾಂ ಮುಗಿದಾಗ ರಷ್ಯಾದ ಅಡೆಲಿನಾ ಸೋಟ್ನಿಕೋವಾ ಅವರಿಗಿಂತ 0.28 ಮುಂದೆ. ಫ್ರೀ ಸ್ಕೇಟ್ ಮುಗಿದಾಗ 5.48 ಹಿಂದೆ. ಸೋಟ್ನಿಕೋವಾ ಒಂದು ಟ್ರಿಪಲ್ ಜಾಸ್ತಿ ಹಾಕಿದ್ದರು, ಅದನ್ನು ಕಣ್ಣು ಮುಚ್ಚಿ ಒಪ್ಪುತ್ತೇನೆ. ಆದರೆ ಕಾಂಪೊನೆಂಟ್ ಅಂಕದಲ್ಲಿ ಇಬ್ಬರ ನಡುವೆ ಇದ್ದ ವ್ಯತ್ಯಾಸ 0.1 ಕೂಡ ಇರಲಿಲ್ಲ. ಐಸ್ ಮೇಲೆ ಹರಿಯುವ ರೀತಿಯಲ್ಲಿ, ಸಂಗೀತದ ಜೊತೆ ಉಸಿರಾಡುವುದರಲ್ಲಿ ಇಬ್ಬರೂ ಸಮಾನರೇ? ನನ್ನ ಕಣ್ಣಿಗೆ ಅಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಆಗ ಯಾವ ತೀರ್ಪುಗಾರರು ಎಷ್ಟು ಕೊಟ್ಟರು ಎಂಬುದನ್ನು ಮುಚ್ಚಿಡುತ್ತಿದ್ದರು. ಕೇಳೋಣ ಅಂದರೆ ಯಾರನ್ನು ಕೇಳುವುದು? ಆ ಪರದೆ ತೆಗೆದಿದ್ದು 2016ರಲ್ಲಿ.

ಮರಳಿ ಬಂದವರಿಗೆ ಇನ್ನೊಂದು ತೊಡಕಿದೆ. ಅದನ್ನು ಜನ ಗಮನಿಸುವುದೇ ಕಡಿಮೆ. ಆಟ ಬಿಟ್ಟ ಅವಧಿಯಲ್ಲಿ ವಿಶ್ವ ಶ್ರೇಯಾಂಕ ಕರಗಿಹೋಗಿರುತ್ತದೆ. ಸಣ್ಣ ಸ್ಪರ್ಧೆಗಳಿಗೆ ಹೋಗಿ, ದೊಡ್ಡ ಸ್ಪರ್ಧೆಗೆ ಪ್ರವೇಶ ಸಿಗಲು ಬೇಕಾದ ಕನಿಷ್ಠ ತಾಂತ್ರಿಕ ಅಂಕ ಮತ್ತೆ ಸಂಪಾದಿಸಬೇಕು. ಲಿಯು ಕೂಡ 2024ರ ಅಕ್ಟೋಬರ್‌ನಲ್ಲಿ ಬುಡಾಪೆಸ್ಟ್‌ನ ಸ್ಪರ್ಧೆಯಿಂದ ಶುರು ಮಾಡಿದರು. ದೊಡ್ಡ ಸ್ಪರ್ಧೆಯ ಶಾರ್ಟ್ ಪ್ರೋಗ್ರಾಂನಲ್ಲಿ ಶ್ರೇಯಾಂಕ ಕೆಳಗಿದ್ದವರ ಸರದಿ ಬೇಗ ಬರುತ್ತದೆ. ಮೇಲಿನವರು ಇನ್ನೂ ಬರುವುದಿದೆ ಎಂದು ತೀರ್ಪುಗಾರರು ಕೈ ಬಿಗಿಹಿಡಿದು ಅಂಕ ಕೊಡುತ್ತಾರೆ ಎಂಬುದು ಅಭಿಮಾನಿಗಳ ಹಳೆಯ ದೂರು. ಅದರಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಹೆಸರಿಗೆ ಅಂಕ ಬೀಳುವುದು ಎಷ್ಟು ತಪ್ಪೋ, ಸರದಿಗೆ ಅಂಕ ಬೀಳುವುದೂ ಅಷ್ಟೇ ತಪ್ಪು.

ಇದಕ್ಕೆ ಪರಿಹಾರ ಇಲ್ಲವೇ? ಒಂದು ಇದೆ. 2025ರಲ್ಲಿ ಇದ್ದ ನಿಯಮದಂತೆ ಫ್ರೀ ಸ್ಕೇಟ್‌ನಲ್ಲಿ ಏಳು ಜಂಪ್, ಮೂರು ಸ್ಪಿನ್, ಒಂದು ಹೆಜ್ಜೆಗಳ ಸರಣಿ, ಒಂದು ನೃತ್ಯ ಸರಣಿ. ಒಟ್ಟು 12. ನಾಲ್ಕು ನಿಮಿಷದೊಳಗೆ ಒಬ್ಬ ತೀರ್ಪುಗಾರ ಈ ಹನ್ನೆರಡಕ್ಕೂ ಗುಣಮಟ್ಟದ ಅಂಕ ಹಾಕಬೇಕು. ಜೊತೆಗೆ ಇಡೀ ಪ್ರೋಗ್ರಾಂನ ರಚನೆ ನೋಡಬೇಕು, ಸಂಗೀತ ಕೇಳಬೇಕು. ಮನುಷ್ಯರಿಗೆ ಇದು ಆಗುವ ಕೆಲಸವಲ್ಲ. ತಲೆ ತಗ್ಗಿಸಿ ಅಂಕ ಒತ್ತುವಾಗ ಮುಂದಿನ ಹೆಜ್ಜೆ ತಪ್ಪಿಹೋಗುತ್ತದೆ. ಹಾಗಾಗಿ ತೀರ್ಪುಗಾರರನ್ನು ಎರಡು ತಂಡ ಮಾಡಿ. ಒಂದು ತಂಡ ಜಂಪ್, ಸ್ಪಿನ್‌ಗಳನ್ನು ಮಾತ್ರ ನೋಡಲಿ. ಇನ್ನೊಂದು ತಂಡ ಮೊದಲ ಸ್ವರದಿಂದ ಕೊನೆಯ ಭಂಗಿಯವರೆಗೆ ಪ್ರೋಗ್ರಾಂ ಮಾತ್ರ ನೋಡಲಿ. ಈ ಬೇಡಿಕೆ ಇಡುತ್ತಿರುವವರಲ್ಲಿ ನಾನು ಮೊದಲಿಗನಲ್ಲ, ಆದರೆ ಗಟ್ಟಿಯಾಗಿ ಕೇಳುವವರಲ್ಲಿ ಒಬ್ಬ.

ಅಲ್ಲಿಯವರೆಗೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನಿಮಗೆ ಇಷ್ಟವಾದ ಪ್ರೋಗ್ರಾಂ ಒಂದನ್ನು ಮೊದಲು ಧ್ವನಿ ಪೂರ್ತಿ ತೆಗೆದು ನೋಡಿ. ಆಮೇಲೆ ಧ್ವನಿ ಹಾಕಿ ನೋಡಿ. ಎರಡು ಸಲವೂ ಒಂದೇ ಥರ ಕಂಡರೆ, ಆ ಸ್ಕೇಟರ್ ಆ ಹಾಡನ್ನು ಕೇಳಿಸಿಕೊಂಡೇ ಇಲ್ಲ ಎಂದರ್ಥ. ರಚನೆಗೆ ಹತ್ತಕ್ಕೆ ಒಂಬತ್ತರ ಮೇಲೆ ಅಂಕ ಬಿದ್ದಿದ್ದರೆ ಅದನ್ನು ಪ್ರಶ್ನಿಸಿ. ಲಿಯು ಅವರ ಬಾಸ್ಟನ್ ಪ್ರೋಗ್ರಾಂ ಮತ್ತು 13ನೇ ವಯಸ್ಸಿನಲ್ಲಿ ಅವರು ಗೆದ್ದ ಪ್ರೋಗ್ರಾಂ, ಎರಡನ್ನೂ ಹೀಗೆ ಪಕ್ಕಪಕ್ಕ ಇಟ್ಟು ನೋಡಿ. ಕಷ್ಟದ ಜಂಪ್ ಕಡಿಮೆ ಇರುವುದು ಯಾವುದರಲ್ಲಿ ಎಂದು ನಿಮಗೆ ಮೊದಲೇ ಗೊತ್ತು. ಇನ್ನೇನು ಜಾಸ್ತಿ ಇದೆ ಎಂಬುದನ್ನು ನೀವೇ ಬರೆದಿಟ್ಟುಕೊಳ್ಳಿ.

ನಮಸ್ಕಾರ.