ಹಿರೇಗುಡ್ಡದ ಹೋರಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿ ಊರಿನ ಹೊರಗೆ, ಸಂಗನಕಲ್ಲು ಮತ್ತು ಕಪ್ಪಗಲ್ಲು ಊರುಗಳ ಹತ್ತಿರ, ಹಿರೇಗುಡ್ಡ ಅಂತ ಒಂದು ಗುಡ್ಡ ಇದೆ. ಬಸ್ಸಿನಲ್ಲಿ ಹೋಗುವಾಗ ನೀವು ಅದನ್ನು ನೋಡಿರುತ್ತೀರಿ. ಬರೀ ಬಂಡೆ, ಕುರುಚಲು ಗಿಡ, ಬಿಸಿಲು. ಆದರೆ ಆ ಬಂಡೆಗಳ ಮೇಲೆ ಸಾವಿರಾರು ವರ್ಷ ಹಳೆಯ ಚಿತ್ರಗಳಿವೆ. ಬಣ್ಣದ ಚಿತ್ರಗಳಲ್ಲ, ಕಲ್ಲಿನಿಂದ ಕಲ್ಲಿಗೆ ಕುಟ್ಟಿ ಬಿಡಿಸಿದವು. ಇವತ್ತು ನಾನು ಹೇಳಬೇಕಾದ ಮಾತು ಒಂದೇ: ಆ ಬಂಡೆಗಳು ಇದ್ದ ಜಾಗದಲ್ಲೇ ಇರಬೇಕು. ಯಾಕೆ ಅಂತ ಹೇಳುತ್ತೇನೆ.

ಹಿರೇಗುಡ್ಡ ಗ್ರಾನೈಟ್ ಗುಡ್ಡ. ಬಹಳ ಹಿಂದೆ ಅದರಲ್ಲಿ ಒಂದು ಬಿರುಕು ಬಿಟ್ಟು, ಕೆಳಗಿನಿಂದ ಕಾದ ಶಿಲಾರಸ ನುಗ್ಗಿ, ಅಲ್ಲೇ ಗಟ್ಟಿಯಾಯಿತು. ಅದೇ ಡೋಲರೈಟ್, ಕರೀ ಕಲ್ಲು. ಗುಡ್ಡದ ಮೈಮೇಲೆ ಒಂದು ಕಪ್ಪು ಪಟ್ಟಿಯ ಹಾಗೆ ಕಾಣುತ್ತದೆ. ಈ ಕರೀ ಕಲ್ಲಿನ ಮೇಲ್ಪದರವನ್ನು ಕುಟ್ಟಿ ತೆಗೆದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಹೀಗೆ ಚುಕ್ಕೆಗೆ ಚುಕ್ಕೆ ಸೇರಿಸಿ ಡುಬ್ಬದ ಹೋರಿ, ಉದ್ದ ಕೊಂಬು, ಬಿಲ್ಲು ಹಿಡಿದ ಮನುಷ್ಯ ಎಲ್ಲ ಮೂಡಿವೆ. ಕಾಲ ಕಳೆದಂತೆ ಆ ಚುಕ್ಕೆಗಳೂ ಮತ್ತೆ ಕಪ್ಪಾಗುತ್ತವೆ. ಅದಕ್ಕೇ ತುಂಬಾ ಹಳೆಯವು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಇದು ನನಗೆ ಗೊತ್ತಾದ ಬಗೆಯನ್ನು ಹೇಳಲೇಬೇಕು. ಮೊದಲ ಸಲ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಟ್ಟ ನಡು ಮಧ್ಯಾಹ್ನ. ಕೂರೋಣ ಅಂದರೆ ಕಲ್ಲು ಹೆಂಚಿನ ಹಾಗೆ ಕಾದಿದೆ. ಕೈಯಲ್ಲಿ ನಕಾಶೆ ಇದೆ, ಚಿತ್ರ ಮಾತ್ರ ಒಂದೂ ಕಾಣಲಿಲ್ಲ. ಒಂದು ಗಂಟೆ ಹುಡುಕಿದೆವು. ಹುಡುಗರ ಮುಖ ಬಾಡಿತು. ಆಗ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಬಂದರು. ತಲೆಗೆ ಟವೆಲ್, ಹೆಗಲ ಮೇಲೆ ಕಂಬಳಿ. 'ಏನ್ ಹುಡುಕ್ತೀರಿ ಸರ?' ಅಂದರು. ಹೇಳಿದೆ. ಮೇಲೆ ಸೂರ್ಯನನ್ನು ನೋಡಿ, 'ಈಗ ಏನೂ ಕಾಣಂಗಿಲ್ರಿ. ಹೊತ್ತು ಇಳೀಲಿ' ಅಂದು ಅಲ್ಲೇ ಬಂಡೆಯ ಸಂದಿಯ ನೆರಳಲ್ಲಿ ಕುಳಿತರು. ನಾವೂ ಕುಳಿತೆವು. ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡೆವು.

ಐದು ಗಂಟೆ ಆಗಿರಬೇಕು. ಬಿಸಿಲು ಓರೆಯಾಯಿತು. ನಾನು ಮಧ್ಯಾಹ್ನವೆಲ್ಲ ಬೆನ್ನು ಒರಗಿಸಿಕೊಂಡಿದ್ದ ಬಂಡೆಯ ಮೇಲೇ ಮೊದಲು ಒಂದು ಕೊಂಬು ಎದ್ದಿತು. ಆಮೇಲೆ ಬೆನ್ನು, ಕಾಲು, ಬಾಲ. ಒಂದೊಂದು ಚುಕ್ಕೆಯಲ್ಲೂ ಜೋಳದ ಕಾಳಿನಷ್ಟು ನೆರಳು ನಿಂತಿತ್ತು. 'ಎತ್ತು!' ಅಂತ ಒಬ್ಬ ಹುಡುಗಿ ಕೂಗಿದಳು. ಅಜ್ಜ ತಲೆ ಆಡಿಸಿದರು. 'ಎತ್ತಲ್ಲವ್ವಾ, ಹೋರಿ. ಡುಬ್ಬ ನೋಡು. ಬೀಜ ಒಡೆದ ಎತ್ತಿಗೆ ಇಷ್ಟು ಡುಬ್ಬ ಬರಂಗಿಲ್ಲ.' ನಾನು ಓದಿದ ಯಾವ ಪುಸ್ತಕವೂ ನನಗೆ ಹಾಗೆ ನೋಡಲು ಕಲಿಸಿರಲಿಲ್ಲ. ಕುಟ್ಟಿದವನೂ ದನ ಕಾಯುವವನು, ನೋಡಿ ಹೇಳಿದವರೂ ಕುರಿ ಕಾಯುವವರು.

ಹೊರಡುವ ಮೊದಲು ಅವರು ಇನ್ನೊಂದು ಬಂಡೆ ತೋರಿಸಿದರು. ಅದರ ಅಂಚಿನಲ್ಲಿ ಬಟ್ಟಲಿನಂಥ ಗುಳಿಗಳು. ಅಂಗೈಯಗಲದ ಕಲ್ಲಿನಿಂದ ಮೆಲ್ಲಗೆ ಒಂದೇ ಏಟು. ಗಂಟೆಯ ಹಾಗೆ ಠಣ್ ಅಂದಿತು. ಕುರಿಗಳೆಲ್ಲ ತಿರುಗಿ ನೋಡಿದವು. ಆ ಬಂಡೆ ಕೆಳಗಿನ ಬಂಡೆಗಳಿಗೆ ಎರಡು ಮೂರು ಕಡೆ ಮಾತ್ರ ತಾಗಿ ಕುಳಿತಿದೆ, ಅದಕ್ಕೇ ನಾದ. ಒಂದು ಗೇಣು ಜರುಗಿಸಿ ಮಣ್ಣಿಗೆ ಒರಗಿಸಿದರೆ ನಾದ ಸತ್ತುಹೋಗುತ್ತದೆ. ಅಂದಮೇಲೆ ಬಂಡೆ ಇದ್ದ ಜಾಗದಲ್ಲೇ ಇರಬೇಕು, ಅಲ್ವಾ?

ಅಜ್ಜನ ಕತೆಯಲ್ಲೇ ಅರ್ಧ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಈ ಚಿತ್ರಗಳ ಬಗ್ಗೆ 1892ರಲ್ಲೇ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಬರೆದಿದ್ದರು. ಕೇರಳದ ಎಡಕಲ್ ಗವಿಯ ಚಿತ್ರಗಳನ್ನು ಲೋಕಕ್ಕೆ ತಿಳಿಸಿದವರೂ ಅವರೇ. ಹಿರೇಗುಡ್ಡದ ಚಿತ್ರಗಳನ್ನು ನಂತರ ಜನ ಮರೆತರು. 2000ದ ನಂತರ ಪುರಾತತ್ವಜ್ಞರಾದ ನಿಕೋಲ್ ಬೋವಿನ್ ಮತ್ತು ಧಾರವಾಡದ ರವಿ ಕೋರಿಶೆಟ್ಟರ್ ಅವರ ತಂಡ ಮತ್ತೆ ಹುಡುಕಿ ದಾಖಲಿಸಿತು. ಸುಮಾರು 5000ದಿಂದ 3000 ವರ್ಷಗಳ ಹಿಂದೆ ಇಲ್ಲಿ ನವಶಿಲಾಯುಗದ ಜನ ಬಾಳಿದರು. ದನ, ಕುರಿ ಸಾಕಿದರು. ಹುರುಳಿ, ಹೆಸರು, ಕೊರಲೆ ಬೆಳೆದರು. ಇದೇ ಕರೀ ಕಲ್ಲಿನಿಂದ ಕೊಡಲಿ ತಯಾರಿಸಿ ನುಣ್ಣಗೆ ಉಜ್ಜಿದರು. ಸಗಣಿ ಸುಟ್ಟು ಬೂದಿದಿಬ್ಬ ಕಟ್ಟಿದರು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಅಂಥದೇ ಬೂದಿಯನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಜನ ಪೂಜಿಸುತ್ತಾರೆ. ಇಲ್ಲಿಯ ಕೊಡಲಿ, ಬೂದಿ, ಹಳೆಯ ಚಿತ್ರ, ನಾದ, ನಾಲ್ಕೂ ಆ ಜನದವೇ ಇರಬೇಕು, ಒಂದೇ ಜಾಗದಲ್ಲಿವೆ. ಒಂದು ಬಂಡೆಯನ್ನು ಒಡೆದು ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಏನು ಉಳಿಯುತ್ತದೆ ಹೇಳಿ? ಸಂಜೆಯ ಓರೆ ಬಿಸಿಲು ಪೆಟ್ಟಿಗೆಯೊಳಗೆ ಬರುವುದಿಲ್ಲ.

ಕಲ್ಲುಗಣಿ ಕೆಲಸ ಈ ಗುಡ್ಡದಲ್ಲಿ ಈಗಾಗಲೇ ಒಂದಷ್ಟನ್ನು ತಿಂದಿದೆ. 'ಸುಮ್ನೆ ಕಲ್ಲು ಸಾರ್, ಬೇಕಾದಷ್ಟಿದೆ' ಅನ್ನುವವರನ್ನು ನಾನು ಕಂಡಿದ್ದೇನೆ. ಇಲ್ಲ. ಜಲ್ಲಿಗೆ ಬೇರೆ ಕಲ್ಲು ಸಿಗುತ್ತದೆ, ಆ ಹೋರಿ ಇನ್ನೆಲ್ಲೂ ಸಿಗುವುದಿಲ್ಲ. ಇನ್ನು ನೋಡಲು ಹೋಗುವವರು: ಚಿತ್ರ ಚೆನ್ನಾಗಿ ಕಾಣಲಿ ಅಂತ ಸೀಮೆಸುಣ್ಣ ಹಚ್ಚಬೇಡಿ, ಪಕ್ಕದಲ್ಲಿ ನಿಮ್ಮ ಹೆಸರು ಕೆತ್ತಬೇಡಿ, ನಾದದ ಬಂಡೆಯನ್ನು ಬಡಿಯಬೇಡಿ. ಪ್ರತಿ ಏಟಿಗೂ ಅದು ಸವೆಯುತ್ತದೆ. ಅಜ್ಜನ ಆ ಒಂದು ಏಟು ಸಾಕು, ನಿಮಗಾಗಿ ಹೇಳಿಬಿಟ್ಟೆನಲ್ಲ.

ಡಿಸೆಂಬರ್, ಜನವರಿಯಲ್ಲಿ ಹೋಗಿ. ಮೊದಲು ಬಳ್ಳಾರಿಯಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಕೊಡಲಿಗಳನ್ನು ನೋಡಿ, ಆಮೇಲೆ ಗುಡ್ಡ ಹತ್ತಿ. ಮಕ್ಕಳ ಕೈ ಹಿಡಿದುಕೊಳ್ಳಿ, ಸಂದಿಗಳು ಆಳ ಇವೆ. ನಾಲ್ಕೂವರೆಗೆ ಮೇಲೆ ಇರಿ. ಇಳಿಯುವಾಗ ಕತ್ತಲಾಗುತ್ತದೆ, ಟಾರ್ಚ್ ಮರೆಯಬೇಡಿ. ಕುರಿ ಕಾಯುವವರು ಯಾರಾದರೂ ಸಿಕ್ಕರೆ, ಮೊದಲು ಅವರನ್ನು ಕೇಳಿ.

ನಮಸ್ಕಾರ.