ನೆರಳು ನೋಡಿ ಸ್ಟೆಂಟ್ ಅಳತೆ ಹೇಳಬೇಡಿ

ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ರಕ್ತನಾಳದೊಳಗಿನ ಅಲ್ಟ್ರಾಸೌಂಡ್ ನಂಬೋ ಹಾಗಿಲ್ಲ. ಕ್ಯಾಲ್ಸಿಯಂ ಇದ್ರೆ ಏನೂ ಕಾಣಲ್ಲ. ಆಂಜಿಯೋಗ್ರಾಮ್ ಸಾಕು." ಸಾಕಂತೆ! ಇವತ್ತಿನ ವಿಷಯ ಬೇರೆ ಇತ್ತು, ಪಕ್ಕಕ್ಕಿಟ್ಟೆ.

ಆಂಜಿಯೋಗ್ರಾಮ್‌ನಲ್ಲಿ ಕಾಣೋದು ನಾಳ ಅಲ್ಲ ಸ್ವಾಮಿ, ಒಳಗೆ ಹರಿಯೋ ಡೈ ನೆರಳು. ಗೋಡೆ ಕಾಣಲ್ಲ. ಗ್ಲಾಗೋವ್ ಅನ್ನೋ ವೈದ್ಯ ವಿಜ್ಞಾನಿ 1987ರಲ್ಲೇ ತೋರಿಸಿದ್ರು: ಕೊಬ್ಬು ಕಟ್ತಾ ಹೋದ ಹಾಗೆ ನಾಳ ಹೊರಗಡೆಗೆ ಹಿಗ್ಗುತ್ತೆ, ಸುಮಾರು 40% ತುಂಬೋ ತನಕ ಒಳದಾರಿ ಕಿರಿದಾಗದೇ ಇರಬಹುದು. ನೆರಳಲ್ಲಿ ಅದು ಆರೋಗ್ಯವಂತ ನಾಳ! ಐವಸ್, ಅಂದ್ರೆ ಆ ರಕ್ತನಾಳದೊಳಗಿನ ಅಲ್ಟ್ರಾಸೌಂಡ್, ಹಾಗಲ್ಲ. 20ರಿಂದ 60 ಮೆಗಾಹರ್ಟ್ಸ್ ಶಬ್ದ ಬಿಟ್ಟು, ಗೋಡೆ ಸಮೇತ ಅಡ್ಡಕೊಯ್ತ ತೋರಿಸುತ್ತೆ. ನೆರಳು ಅಳೆದು ಯಾರಾದ್ರೂ ಅಂಗಿ ಹೊಲೀತಾರಾ?

ಕ್ಯಾಲ್ಸಿಯಂ ಹಿಂದೆ ಕಪ್ಪಾಗುತ್ತೆ, ಅದರ ದಪ್ಪ ಸಿಗಲ್ಲ. ನಿಜ. ಆದ್ರೆ ಎಷ್ಟು ಡಿಗ್ರಿ ಸುತ್ತಿಕೊಂಡಿದೆ ಅಂತ ಆ ಕಪ್ಪೇ ಹೇಳುತ್ತೆ. ಆಂಜಿಯೋದಲ್ಲಿ ಎಷ್ಟೋ ಸಲ ಕ್ಯಾಲ್ಸಿಯಂ ಇರೋದೇ ಗೊತ್ತಾಗಲ್ಲ! ನಾಳದೊಳಗೆ ಹಾಕೋ ತೆಳು ಕೊಳವೆ, ತಿರುಗೋ ಕ್ಯಾತಿಟರ್, ಬಿಗಿ ತಿರುವಲ್ಲಿ ತಡವರಿಸಿದ್ರೆ ಚಿತ್ರ ಎಳೆದ ಹಾಗಾಗುತ್ತೆ. ಪಳಗಿದ ಕಣ್ಣಿಗೆ ಅದು ತಕ್ಷಣ ಗೊತ್ತಾಗುತ್ತೆ. ಬ್ಲಾಕ್ ಉದ್ದ ಬೇಕಾದ್ರೆ ಕ್ಯಾತಿಟರನ್ನ ಕೈಯಲ್ಲಿ ಎಳೀಬೇಡಿ, ಮೋಟರ್ ಹಾಕಿ, ಸೆಕೆಂಡಿಗೆ 0.5 ಮಿಲಿಮೀಟರ್. ಕೊಬ್ಬಿನ ಬಗೆ ಹೇಳೋ ಬಣ್ಣಬಣ್ಣದ ಚಿತ್ರಗಳನ್ನ ನಾನೂ ಅಷ್ಟಾಗಿ ನಂಬಲ್ಲ. ಅಳತೆ ಮಾತು ಬೇರೆ.

"ಓಸಿಟಿ ಇನ್ನೂ ಸ್ಪಷ್ಟ" ಅಂತೀರಾ? ಓಸಿಟಿ ಅಂದ್ರೆ ಶಬ್ದದ ಬದಲು ಬೆಳಕು ಬಿಟ್ಟು ನಾಳದೊಳಗೆ ನೋಡೋದು. ಹೌದು, 10ರಿಂದ 20 ಮೈಕ್ರಾನ್‌ನಷ್ಟು ಸಣ್ಣ ವಿವರವೂ ಕಾಣುತ್ತೆ. ಅದೂ ಒಳಗೆ ಹೋಗಿ ನೋಡೋದೇ ಅಲ್ವಾ? ನಾನು ಹೇಳ್ತಿರೋದೂ ಅದನ್ನೇ!

ಈ ಚಾನೆಲ್‌ಗೆ ಹೊಸಬರಾಗಿದ್ರೆ ಸಬ್‌ಸ್ಕ್ರೈಬ್ ಮಾಡಿ, ಹೃದಯದ ಸರಣಿ ಪೂರ್ತಿ ಇದೆ.

ಪುರಾವೆ ಬೇಕಾ? ಅಲ್ಟಿಮೇಟ್ ಟ್ರಯಲ್, 2018, 1448 ರೋಗಿಗಳು. ಸ್ಟೆಂಟ್ ಹಾಕಿದ ನಾಳದಲ್ಲಿ ಒಂದು ವರ್ಷದೊಳಗೆ ತೊಂದರೆ: ಐವಸ್ ನೋಡಿ ಹಾಕಿದವರಲ್ಲಿ 2.9%, ಆಂಜಿಯೋ ಮಾತ್ರ ನೋಡಿದವರಲ್ಲಿ 5.4%. ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಎಡ ಮುಖ್ಯ ನಾಳ, ಉದ್ದದ ಬ್ಲಾಕ್, ಕವಲಿನ ಬ್ಲಾಕ್ ಇಂಥವಕ್ಕೆ ಒಳಗಿನಿಂದ ನೋಡೋದನ್ನ ಮೊದಲ ದರ್ಜೆ ಶಿಫಾರಸು ಮಾಡಿದೆ. ಇನ್ನೂ "ನಂಬಲ್ಲ" ಅಂದ್ರೆ ಏನು ಹೇಳೋದು?

ಸ್ಟೆಂಟ್ ಸಣ್ಣದಾಯ್ತೋ, ಗೋಡೆಗೆ ಕೂರಲಿಲ್ವೋ, ನೆರಳು ಹೇಳುತ್ತಾ? ಹೇಳಲ್ಲ! ಒಳಗೆ ನೋಡಿ! ನೋಡದೇ ಹಾಕಬೇಡಿ! ಕಮೆಂಟ್ ಹಾಕಿದವರೇ, ಉತ್ತರ ಬರೀರಿ, ಕಾಯ್ತಿರ್ತೀನಿ. ಮುಂದಿನ ಕಂತು ಓಸಿಟಿದು, ಬೆಲ್ ಒತ್ತಿ.