ಇನ್ನೆರಡು ಬಿಸಿಲು

ಕೇಳುಗರಿಗೆಲ್ಲ ನಮಸ್ಕಾರ.

ಮೇ ತಿಂಗಳ ಕೊನೆಗೆ ನಮ್ಮ ಪುತ್ತೂರಿನ ಕಡೆ ಯಾರ ಮನೆಗೆ ಹೋದರೂ ಮೊದಲು ಕೇಳುವ ಪ್ರಶ್ನೆ, "ಹಲಸಿನ ಹಪ್ಪಳ ಆಯ್ತಾ?" ಮಕ್ಕಳ ಮಾರ್ಕಿನ ಸುದ್ದಿಯೆಲ್ಲ ಆಮೇಲೆ. ಉತ್ತರ ಹೇಳುವವರು ಒಮ್ಮೆ ಆಕಾಶ ನೋಡುತ್ತಾರೆ. "ಇನ್ನು ಎರಡು ಬಿಸಿಲು ಸಿಕ್ಕಿದರೆ ಸಾಕು" ಅನ್ನುತ್ತಾರೆ.

ತಮಾಷೆ ನೋಡಿ, ಏಪ್ರಿಲ್‌ನಲ್ಲಿ ಇದೇ ಬಿಸಿಲನ್ನು ಬೈದವರೂ ನಾವೇ. ಬೆವರು ಒರೆಸಿ ಒರೆಸಿ ಬೈರಾಸು ಒದ್ದೆಯಾಗಿತ್ತು. ಬಾವಿಯ ನೀರು ತಳ ಹಿಡಿದಿತ್ತು. ಒಂದು ಮಳೆ ಬಂದರೆ ಸಾಕಪ್ಪ ಅಂತಿದ್ದೆವು. ಈಗ ಮೋಡ ಕಂಡರೆ ಎದೆ ಹೊಡೆದುಕೊಳ್ಳುತ್ತದೆ.

ತುಳುನಾಡಿನಲ್ಲಿ ಬೇಸಿಗೆಗೆ ಒಂದು ಗಡಿ ಉಂಟು. ಅದರ ಹೆಸರು ಪತ್ತನಾಜೆ. ತುಳುವರ ಬೇಶ ತಿಂಗಳ 10ನೇ ದಿನ, ಅಂದರೆ ಹೆಚ್ಚಾಗಿ ಮೇ 24 ಇಲ್ಲವೆ 25. ದೈವಗಳ ಕೋಲ, ನೇಮ, ದೇವಸ್ಥಾನದ ಉತ್ಸವ ಎಲ್ಲ ಅಂದಿಗೆ ಮುಗಿಯುತ್ತದೆ. ಕಟೀಲು ಯಕ್ಷಗಾನ ಮೇಳದವರು ಆವತ್ತು ಗೆಜ್ಜೆ ಬಿಚ್ಚುತ್ತಾರೆ. ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಅಂತ ಲೆಕ್ಕ. ಮತ್ತೆ ನಾಲ್ಕು ತಿಂಗಳು ನಮ್ಮ ಅಂಗಳದಲ್ಲಿ ಒಂದು ಬಟ್ಟೆ ಒಣಗಿಸುವುದೂ ಕಷ್ಟವೇ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಬೀಳುವುದು ಈ ನಾಲ್ಕು ತಿಂಗಳಲ್ಲೇ.

ಹಾಗಾಗಿ ಬೇಸಿಗೆಯ ಕೊನೆಯ ದಿನಗಳನ್ನು ನಾವು ಕಳೆಯುವುದು ಎಲ್ಲಿಗೋ ಹೋಗಿ ಅಲ್ಲ. ಅಂಗಳದಲ್ಲೇ. ಊರು ಬಿಟ್ಟವರೂ ಆ ವಾರ ಅಂಗಳಕ್ಕೇ ಬರುತ್ತಾರೆ. ನಮ್ಮ ಅಣ್ಣ ಅತ್ತಿಗೆ ಬೆಂಗಳೂರಿನವರು. ಮೇ ಕೊನೆಗೆ ಶಾಲೆ ಶುರು, ಅದಕ್ಕೆ ಮೊದಲು ನಾಲ್ಕು ದಿನ ಅಂತ ಬರುತ್ತಾರೆ. ಬಂದವರ ಕೈಗೆ ಅಮ್ಮ ಮೊದಲು ಕೊಡುವುದು ತೆಂಗಿನೆಣ್ಣೆಯ ಗಿಂಡಿ. ಹಲಸಿನ ಮೇಣ ಅಂಟಬಾರದಲ್ಲ!

ಹಪ್ಪಳಕ್ಕೆ ಹಣ್ಣು ಆಗುವುದಿಲ್ಲ, ಎಳತೂ ಆಗುವುದಿಲ್ಲ. ಚೆನ್ನಾಗಿ ಬಲಿತ ಕಾಯಿ ಬೇಕು. ಅದನ್ನು ಹೇಳುವುದು ನಮ್ಮ ದೊಡ್ಡಮ್ಮ. ಮರದ ಬುಡಕ್ಕೆ ಹೋಗಿ ದೋಟಿಯಲ್ಲಿ ಕಾಯಿಗೆ ಎರಡು ಸಲ ತಟ್ಟುತ್ತಾರೆ. "ಇದಲ್ಲ, ಆಚೆದು" ಅನ್ನುತ್ತಾರೆ. ಏನು ಕೇಳಿಸಿತು ಅಂತ ಕೇಳಿದರೆ ಅವರಿಗೂ ಹೇಳಲಿಕ್ಕೆ ಬರುವುದಿಲ್ಲ. ಅಣ್ಣ ಮರ ಹತ್ತಿ, ಕಾಯಿಗೆ ಹಗ್ಗ ಕಟ್ಟಿ ಮೆಲ್ಲ ಇಳಿಸುತ್ತಾನೆ. ವರ್ಷವಿಡೀ ಕಂಪ್ಯೂಟರ್ ಎದುರು ಕೂತವನು. ಇಳಿದ ಮೇಲೆ ಒಂದು ಗಂಟೆ ಮಾತೇ ಇಲ್ಲ.

ತೊಳೆ ಬಿಡಿಸಲು ಎಲ್ಲರೂ ಸುತ್ತ ಕೂರಬೇಕು. ಬೀಜ ಒಂದು ಕಡೆ, ತೊಳೆ ಒಂದು ಕಡೆ, ಹೊರಗಿನ ರಚ್ಚೆ ದನಕ್ಕೆ. ಬೀಜವೂ ಹಾಳಲ್ಲ. ಉಪ್ಪು ಹಾಕಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಜಡಿಮಳೆಯಲ್ಲಿ ಬಾಯಾಡಿಸಲು ಅದಕ್ಕಿಂತ ಒಳ್ಳೆಯದಿಲ್ಲ, ಹಲ್ಲು ಗಟ್ಟಿ ಇದ್ದರೆ. ತೊಳೆ ಅಟ್ಟಿನಳಗೆಯಲ್ಲಿ, ಅಂದರೆ ಹಬೆಯ ಪಾತ್ರೆಯಲ್ಲಿ, ಬೇಯುತ್ತದೆ. ಬಿಸಿ ಇರುವಾಗಲೇ ಅದಕ್ಕೆ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಗುದ್ದಬೇಕು. ಮೊದಲು ಒರಳು ಒನಕೆ ಇತ್ತು. ಈಗ ಗ್ರೈಂಡರ್. ರುಚಿ ಬೇರೆ ಅಂತ ದೊಡ್ಡಮ್ಮ ಹೇಳುತ್ತಾರೆ. ಒನಕೆ ಹಿಡಿದು ಗೊತ್ತಿರುವ ನನಗೆ ಗ್ರೈಂಡರೇ ರುಚಿ.

ಇನ್ನು ಮಕ್ಕಳು ಕಾಯುವ ಗಳಿಗೆ. ಹಪ್ಪಳದ ಹಿಟ್ಟು ಇನ್ನೂ ಬಿಸಿ ಉಂಟು, ಅಂಗೈಯಲ್ಲಿ ಒಂದು ಮುದ್ದೆ, ಮಧ್ಯೆ ಹೆಬ್ಬೆರಳಲ್ಲಿ ಒಂದು ಗುಳಿ, ಗುಳಿಗೆ ತೆಂಗಿನೆಣ್ಣೆ. ನನ್ನ ಕೇಳಿದರೆ, ಕರಿದ ಹಪ್ಪಳಕ್ಕಿಂತ ಇದೇ ಒಂದು ಕೈ ಮೇಲು. ಅಣ್ಣನ ಚಿಕ್ಕ ಮಗಳು ಪಿಜ್ಜಾ ಬಿಟ್ಟು ಬೇರೆ ಮುಟ್ಟುವುದಿಲ್ಲ ಅಂತ ಅತ್ತಿಗೆಯ ದೂರು. ಅವಳು ನಾಲ್ಕು ಮುದ್ದೆ ತಿಂದು ಐದನೆಯದಕ್ಕೆ ಕೈ ಚಾಚಿದಳು. "ಹೊಟ್ಟೆನೋವು ಬರ್ತದೆ, ಪುಟ್ಟಿ" ಅಂತ ಅಮ್ಮ ಹೇಳುತ್ತಾ ಹೇಳುತ್ತಾ ಎಣ್ಣೆ ಬಿಟ್ಟರು.

ಉಳಿದ ಹಿಟ್ಟನ್ನು ಲಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತುವುದು. ಒಬ್ಬರು ಉಂಡೆ, ಒಬ್ಬರು ಒತ್ತು, ಒಬ್ಬರು ಬಿಡಿಸಿ ಚಾಪೆಗೆ. ಊರಿನ ಸುದ್ದಿಯೆಲ್ಲ ಹೊರಬರುವುದು ಆಗಲೇ. ಯಾರ ಮದುವೆ, ಯಾರ ಜಗಳ, ಯಾರು ತೋಟ ಮಾರಿದರು. ಕೈ ನಿಲ್ಲುವಂತಿಲ್ಲ, ಬಾಯಿಗೆ ತಡೆಯಿಲ್ಲ.

ಚಾಪೆ ಕಾಯುವುದು ಮಕ್ಕಳ ಕೆಲಸ. ಕಾಗೆ ಬಾರದ ಹಾಗೆ ಪಕ್ಕದಲ್ಲಿ ಅಜ್ಜನ ಹಳೆಯ ಕಪ್ಪು ಕೊಡೆ ಬಿಡಿಸಿ ಇಡುತ್ತೇವೆ. ಕಾಗೆಗೆ ಅದು ಏನಾಗಿ ಕಾಣುತ್ತದೋ, ಎರಡು ದಿನ ಹತ್ತಿರ ಬರುವುದಿಲ್ಲ. ಮೂರನೇ ದಿನ ಅದೇ ಕೊಡೆಯ ಮೇಲೆ ಕೂರುತ್ತದೆ. ಅಷ್ಟರಲ್ಲಿ ಹಪ್ಪಳ ಒಣಗಿರಬೇಕು, ಅದೇ ಲೆಕ್ಕ. ಒಣಗಿದ್ದನ್ನು 25ರ ಕಟ್ಟು ಮಾಡಿ, ಬಾಳೆನಾರಲ್ಲಿ ಬಿಗಿದು ಡಬ್ಬಿಗೆ.

ಆಚೆ ಜಗಲಿಯಲ್ಲಿ ಅಪ್ಪನದು ಬೇರೆಯೇ ಗಡಿಬಿಡಿ. ಅಡಿಕೆಗೆ ಮದ್ದು ಬಿಡಬೇಕು. ಮಳೆ ಹಿಡಿಯುವ ಮೊದಲು ಗೊನೆಗೆ ಬೋರ್ಡೋ ದ್ರಾವಣ ಬಿದ್ದರೆ ಕೊಳೆರೋಗಕ್ಕೆ ತಡೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಡ್ರಮ್ಮಿನಲ್ಲಿ ಅದು ಆಕಾಶದ ಬಣ್ಣಕ್ಕೆ ತಿರುಗುವುದನ್ನು ನೋಡಲು ಮಕ್ಕಳು ಚಾಪೆ ಬಿಟ್ಟು ಓಡುತ್ತಾರೆ. ಕಾಗೆಗೆ ಅಷ್ಟೇ ಸಾಕು.

2025ರ ಕತೆ ಹೇಳಲೇಬೇಕು. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಮೇ 24ಕ್ಕೆ. ವಾಡಿಕೆಯ ದಿನ ಜೂನ್ 1. 2009ರ ನಂತರ ಅಷ್ಟು ಬೇಗ ಬಂದದ್ದೇ ಇರಲಿಲ್ಲ. ನಮ್ಮದು ಆಗ ಆರು ಚಾಪೆ ಹಪ್ಪಳ, ಒಂದೇ ಬಿಸಿಲು ಕಂಡದ್ದು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಪಡುವಣದಿಂದ ಗಾಳಿ ಬೀಸಿತು. ಎಂಜಲು ಕೈಯಲ್ಲೇ ಎಲ್ಲರೂ ಅಂಗಳಕ್ಕೆ. ಚಾಪೆಯನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಜೋಲಿಯ ಹಾಗೆ ಹೊತ್ತು ತರಬೇಕು. ಅಣ್ಣ ಒಬ್ಬನೇ ಸುರುಳಿ ಸುತ್ತಿಬಿಟ್ಟ! ಬಿಡಿಸಿದಾಗ ನೂರು ಹಪ್ಪಳ ಸೇರಿ ಒಂದೇ ಹಪ್ಪಳ.

ಉಳಿದ ಐದು ಚಾಪೆಯದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವಿದೆವು. ಒಣಗಿತೇನೋ ಹೌದು, ಎಲ್ಲದಕ್ಕೂ ಹೊಗೆಯ ವಾಸನೆ. ದೊಡ್ಡಮ್ಮನಿಗೆ ಅದು ಅವಮಾನ. ನೆಂಟರು ಬಂದರೆ ಕರಿಯಲು ಬಿಡುತ್ತಿರಲಿಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಬೆಂಗಳೂರಿನಿಂದ ಪುಟ್ಟಿಯ ಫೋನು ಬಂತು. "ಅಜ್ಜಿ, ಆ ಹೊಗೆ ಹಪ್ಪಳ ಇನ್ನೂ ಉಂಟಾ?" ಆ ಕಡೆ ಕುಕ್ಕರಿನ ಸೀಟಿ, ಈ ಕಡೆ ಮಾಡಿನ ನೀರು, ಯಾರ ಮಾತೂ ಸರಿ ಕೇಳುತ್ತಿರಲಿಲ್ಲ. ದೊಡ್ಡಮ್ಮ ಎರಡು ಕಟ್ಟು ಪಾರ್ಸೆಲ್ ಮಾಡಿಸಿದರು. ಮೇಲೆ ಒಂದು ಚೀಟಿಯನ್ನೂ ಬರೆಸಿದರು, "ಇದು ಪ್ರತಿವರ್ಷ ಸಿಗುವುದಿಲ್ಲ" ಅಂತ.

ನಾನು ಇವತ್ತು ಇಲ್ಲಿಗೆ ಹೊರಡುವಾಗ ಎರಡು ಚಾಪೆ ಅಂಗಳದಲ್ಲೇ ಇತ್ತು. ಕೊಡೆ ಇಟ್ಟು ಇವತ್ತಿಗೆ ಮೂರನೇ ದಿನ. ಬಸ್ಸಿನ ಕಿಟಕಿಯಿಂದ ನೋಡಿದರೆ ಪಡುವಣದಲ್ಲಿ ಸ್ವಲ್ಪ ಕಪ್ಪು ಕಂಡ ಹಾಗಿತ್ತು. ನಾನಿನ್ನು ಹೊರಡುತ್ತೇನೆ. ನಮಸ್ಕಾರ.